ಹಳೆಯ ಪಿಟೀಲು ಕಮಾನಿನ ದುರಸ್ತಿ: ಏನನ್ನು ಮುಟ್ಟಬೇಕು, ಏನನ್ನು ಬಿಡಬೇಕು?

ಮೈಸೂರಿನ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಬಹಳ ಕಾಲ ನುಡಿಸುತ್ತಿದ್ದ ಪಿಟೀಲು ಮತ್ತು ಕಮಾನು ಈಗ ನನ್ನ ಪಾಲಿಗೆ ಬಂದಿವೆ. ಪಿಟೀಲಿನ ಸ್ಥಿತಿ ಚೆನ್ನಾಗಿದೆ, ಕಮಾನಿನದೇ ಚಿಂತೆ. ಎಂಟು ಮುಖದ ಕಡ್ಡಿ, ಕೆಂಪು ಬೆರೆತ ಕಂದು ಬಣ್ಣ. ಕೈಹಿಡಿಯುವ ಕಡೆ ಕೂದಲನ್ನು ಹಿಡಿದಿರುವ ಜರುಗುವ ತುಂಡಾದ ಫ್ರಾಗಿನ ಮೇಲ್ಗಡೆ ಕಡ್ಡಿಯಲ್ಲಿ ‘ಟೂರ್ಟ್’ ಎಂಬ ಮುದ್ರೆಯಿದೆ, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಜರ್ಮನಿ’ ಎಂದಿದೆ. ಕೂದಲು ಅರ್ಧಕ್ಕಿಂತ ಹೆಚ್ಚು ಉದುರಿದ್ದು, ಉಳಿದದ್ದೆಲ್ಲ ಒಂದೇ ಪಕ್ಕದಲ್ಲಿದೆ. ಬಿಗಿಮಾಡುವ ತಿರುಪನ್ನು ಎಷ್ಟು ತಿರುಗಿಸಿದರೂ ಫ್ರಾಗ್ ಕದಲುವುದಿಲ್ಲ. ತುದಿಯ ಬಿಳಿ ಪಟ್ಟಿಯ ಮೂಲೆಯೊಂದು ಮುರಿದಿದೆ. ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿರುವುದು ತಲೆಯ ಒಂದು ಮಗ್ಗುಲಲ್ಲಿ ಓರೆಯಾಗಿ ಕಾಣುವ ಕೂದಲೆಳೆಯಷ್ಟು ಸಣ್ಣ ಗೆರೆ.

ಊರಿನ ವಾದ್ಯದ ಅಂಗಡಿಯೊಂದರಲ್ಲಿ ತೋರಿಸಿದಾಗ, ಇದಕ್ಕೆ ಹಣ ಹಾಕುವುದರ ಬದಲು ಹೊಸ ಕಮಾನನ್ನೇ ಕೊಂಡುಕೊಳ್ಳಿ ಎಂದರು. ಬಲ್ಲವರು ಈ ಕಮಾನನ್ನು ದುರಸ್ತಿ ಮಾಡಬಹುದೇ, ಮಾಡಬಹುದಾದರೆ ಯಾವುದನ್ನು ಮೊದಲು ಮಾಡಿಸಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಕಮಾನು ದುರಸ್ತಿಗಾರ, ಬೆಂಗಳೂರು

ಮೊದಲು ಮುದ್ರೆಯ ವಿಷಯವನ್ನು ಮುಗಿಸಿಬಿಡೋಣ. ಇಂದು ನಾವು ಬಳಸುವ ಕಮಾನಿನ ರೂಪವನ್ನು ನೆಲೆಗೊಳಿಸಿದವನು ಪ್ಯಾರಿಸಿನ ಫ್ರಾನ್ಸ್ವಾ ಕ್ಸಾವಿಯೆ ಟೂರ್ಟ್. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಿಂದ 1835ರಲ್ಲಿ ತೀರಿಕೊಳ್ಳುವವರೆಗಿನ ಅವನ ಕೆಲಸವೇ ಮುಂದಿನವರಿಗೆಲ್ಲ ಮಾದರಿಯಾಯಿತು. ಆದರೆ ಅವನು ತನ್ನ ಕಮಾನುಗಳಿಗೆ ಮುದ್ರೆ ಒತ್ತುವ ರೂಢಿಯನ್ನೇ ಇಟ್ಟುಕೊಂಡಿರಲಿಲ್ಲ. ‘ಟೂರ್ಟ್’ ಎಂದು ಮುದ್ರೆಯಿರುವ ಕಮಾನುಗಳಲ್ಲಿ ಬಹುಪಾಲು ಜರ್ಮನಿಯಲ್ಲಿ, ಮಾರ್ಕ್‌ನೊಯ್‌ಕಿರ್ಷೆನ್ ಸುತ್ತಮುತ್ತಲ ಮನೆ-ಕಾರ್ಖಾನೆಗಳಲ್ಲಿ, ರಫ್ತಿಗೆಂದು ಭಾರಿ ಸಂಖ್ಯೆಯಲ್ಲಿ ತಯಾರಾದವು. ಅಮೆರಿಕವು 1890ರ ಸುಂಕದ ಕಾಯಿದೆಯಲ್ಲಿ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಕಡ್ಡಾಯ ಮಾಡಿದ್ದರಿಂದ, ‘ಜರ್ಮನಿ’ ಎಂಬ ಅಕ್ಷರಗಳಿರುವ ಕಮಾನು ಸಾಮಾನ್ಯವಾಗಿ ಆಮೇಲಿನದು. ಹಾಗೆಂದು ನಿರಾಶರಾಗಬೇಡಿ. ಆ ಕಾರ್ಖಾನೆಗಳಿಂದ ಬಂದ ಕಮಾನುಗಳಲ್ಲಿ ಒಳ್ಳೆಯ ಮರ ಸಿಕ್ಕಿ, ಒಳ್ಳೆಯ ಕೈಯಲ್ಲಿ ಬಾಗು ಪಡೆದಂಥವು ಇವೆ. ಅಂಥ ಒಂದು ಕಡ್ಡಿ ಇಂದಿನ ಅಗ್ಗದ ಹೊಸ ಕಮಾನಿಗಿಂತ ಎಷ್ಟೋ ಮೇಲು.

ತಿರುಪಿನ ದೋಷ ಕೇಳಲು ದೊಡ್ಡದಾದರೂ ಸರಿಪಡಿಸಲು ಸುಲಭ. ತಿರುಪು ಉಕ್ಕಿನದು, ಅದು ಕೂರುವ ಐಲೆಟ್, ಅಂದರೆ ಫ್ರಾಗಿಗೆ ಜೋಡಿಸಿದ ಥ್ರೆಡ್ಡಿನ ಸಣ್ಣ ಬಳೆ, ಹಿತ್ತಾಳೆಯದು. ಸವೆಯಲೆಂದೇ ಮೆತ್ತಗಿನ ಲೋಹವನ್ನು ಅಲ್ಲಿ ಇಟ್ಟಿದ್ದಾರೆ. ಐಲೆಟ್ ಬದಲಾಯಿಸಿದರೆ ಸಾಕು, ತಿರುಪನ್ನೂ ಅದರ ಬೆಳ್ಳಿಯ ಗುಂಡಿಯನ್ನೂ ಬದಲಾಯಿಸಬಾರದು. ಫ್ರೆಂಚ್ ಮತ್ತು ಜರ್ಮನ್ ಕಮಾನುಗಳ ಥ್ರೆಡ್ ಒಂದೇ ಅಳತೆಯವಲ್ಲವಾದ್ದರಿಂದ, ಹೊಸ ಐಲೆಟ್ಟನ್ನು ನಿಮ್ಮ ತಿರುಪಿಗೇ ಹೊಂದಿಸಿ ನೋಡಬೇಕು. ಹೊಂದದ ಐಲೆಟ್ಟಿಗೆ ತಿರುಪನ್ನು ಬಲವಂತದಿಂದ ನುಗ್ಗಿಸಿದರೆ ಎರಡೂ ಹಾಳಾಗುತ್ತವೆ. ಐಲೆಟ್ಟನ್ನು ಫ್ರಾಗಿನೊಳಗೆ ಅರ್ಧ ಸುತ್ತು ಹೆಚ್ಚು ಇಳಿಸಿದರೆ ಫ್ರಾಗ್ ಕಡ್ಡಿಗೆ ಒತ್ತಿಕೊಂಡು ಜರುಗಲಾರದು, ಅರ್ಧ ಸುತ್ತು ಕಡಿಮೆಯಾದರೆ ಅತ್ತಿತ್ತ ಅಲುಗಾಡುತ್ತದೆ. ಈ ಹೊಂದಾಣಿಕೆಯಲ್ಲೇ ಕೆಲಸದ ಸೂಕ್ಷ್ಮವಿದೆ.

ಆದರೆ ತಲೆಯ ಗೆರೆಯ ವಿಷಯದಲ್ಲಿ ನನ್ನ ಮಾತು ಬೇರೆ. ಅದು ಬಿರುಕೋ, ಮರದ ಎಳೆಯೋ, ಮೆರುಗಿನ ಮೇಲಿನ ಗೀರೋ ಎಂದು ಖಚಿತವಾಗುವವರೆಗೆ ಆ ಕಮಾನಿಗೆ ಒಂದಿಷ್ಟೂ ಬಿಗಿ ಕೊಡಬೇಡಿ. ಬೆರಳಿನಿಂದ ಒತ್ತಿ ಅದು ತೆರೆಯುತ್ತದೆಯೇ ಎಂದು ಪರೀಕ್ಷಿಸಲೂ ಹೋಗಬೇಡಿ. ಕತ್ತಲ ಕೋಣೆಯಲ್ಲಿ ಸಣ್ಣ ಟಾರ್ಚಿನ ಬೆಳಕನ್ನು ತಲೆಯ ಪಕ್ಕದಿಂದ, ಮೇಲ್ಮೈಗೆ ತಾಗಿದಂತೆ ಓರೆಯಾಗಿ ಹಾಯಿಸಿ, ಭೂತಗನ್ನಡಿಯಲ್ಲಿ ನೋಡಿ. ಗೀರಾದರೆ ಬೆಳಕಿನಲ್ಲಿ ಅದರ ತಳ ಹೊಳೆಯುತ್ತದೆ. ಎಳೆಯಾದರೆ ಅಂಥದೇ ಇನ್ನಷ್ಟು ಗೆರೆಗಳು ಅಕ್ಕಪಕ್ಕದಲ್ಲಿ ಅದೇ ದಿಕ್ಕಿನಲ್ಲಿರುತ್ತವೆ. ಬಿರುಕಾದರೆ ಅದರೊಳಗೆ ರೋಸಿನ್ (ಕೂದಲಿಗೆ ಹಚ್ಚುವ ರಾಳ) ಪುಡಿ ಮತ್ತು ಕೊಳೆ ಸೇರಿ ಕಪ್ಪಗೆ ಕಾಣುತ್ತದೆ, ಮೂಲೆಯನ್ನು ದಾಟಿ ಪಕ್ಕದ ಮುಖದಲ್ಲೂ ಮುಂದುವರಿಯುವುದುಂಟು.

ಕರಾವಳಿಯ ಪಿಟೀಲುವಾದಕ

ದುರಸ್ತಿಗಾರರ ಮಾತಿಗೆ ಕರಾವಳಿಯ ಅನುಭವವನ್ನು ಸೇರಿಸಲು ಬಯಸುತ್ತೇನೆ. ಕುದುರೆ ಬಾಲದ ಕೂದಲು ತೇವಾಂಶಕ್ಕೆ ಉದ್ದವಾಗುತ್ತದೆ, ಒಣಹವೆಗೆ ಗಿಡ್ಡವಾಗುತ್ತದೆ. ಮಂಗಳೂರಿನ ಆಷಾಢದ ಮಳೆಯಲ್ಲಿ ಸರಿಯಾಗಿ ಅಳತೆ ಮಾಡಿ ಕೂದಲು ಹಾಕಿಸಿದ ಕಮಾನನ್ನು ಬೇಸಿಗೆಯಲ್ಲಿ ಕಲಬುರಗಿಗೆ ಕಛೇರಿಗೆ ಒಯ್ದರೆ, ತಿರುಪನ್ನು ಪೂರ್ತಿ ಸಡಿಲಿಸಿದರೂ ಕೂದಲು ಬಿಗಿಯಾಗಿಯೇ ಉಳಿಯುತ್ತದೆ. ಪೆಟ್ಟಿಗೆಯೊಳಗೆ ಸುಮ್ಮನೆ ಇದ್ದ ಕಮಾನಿನ ತಲೆಯೂ ಹೀಗೆ ಮುರಿಯುವುದುಂಟು. ಒಳನಾಡಿನಲ್ಲಿ ಬೇಸಿಗೆಯಲ್ಲಿ ಕೂದಲು ಹಾಕಿಸಿದ ಕಮಾನಿಗೆ ನಮ್ಮ ಮಳೆಗಾಲದಲ್ಲಿ ಇದಕ್ಕೆ ತಿರುಗುಮುರುಗಾದ ತೊಂದರೆ: ಫ್ರಾಗನ್ನು ಕೊನೆಯವರೆಗೆ ಹಿಂದಕ್ಕೆ ಎಳೆದರೂ ಬಿಗಿ ಸಾಲುವುದಿಲ್ಲ.

ಹೀಗಿರುವಾಗ ಕೂದಲಿನ ಉದ್ದವನ್ನು ಯಾವ ಆಧಾರದಲ್ಲಿ ನಿರ್ಧರಿಸುತ್ತೀರಿ ಎಂಬುದನ್ನು ದುರಸ್ತಿಗಾರರು ವಿವರಿಸಬೇಕು. ಕೂದಲು ಹಾಕುವ ಕೆಲಸವನ್ನು ಎಲ್ಲರೂ ಸಾಮಾನ್ಯವೆಂದು ತಿಳಿಯುತ್ತಾರೆ, ಆದರೆ ಹೆಚ್ಚಿನ ಹಾನಿ ಆಗುವುದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ.

ಕಮಾನು ದುರಸ್ತಿಗಾರ, ಬೆಂಗಳೂರು

ನೀವು ಹೇಳಿದ್ದು ಅಕ್ಷರಶಃ ನಿಜ. ತಲೆ ಮುರಿಯುವುದು, ಕಡ್ಡಿ ಸೀಳುವುದು ಒಂದು ಕಮಾನಿನ ಆಯುಷ್ಯದಲ್ಲಿ ಒಮ್ಮೆ ಆಗಬಹುದು, ಆಗದೆಯೂ ಇರಬಹುದು. ಕೂದಲು ಬದಲಾಯಿಸುವುದಾದರೋ ದಿನವೂ ನುಡಿಸುವವರಿಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಬರುವ ಕೆಲಸ. ನೂರು ವರ್ಷದ ಕಮಾನಿನ ತಲೆಯಲ್ಲಿ ಕೂದಲಿನ ಗಂಟು ಕೂರುವ ಕುಳಿಯನ್ನು ಎಷ್ಟು ಜನರ ಉಳಿ ಮುಟ್ಟಿರಬಹುದೆಂದು ಯೋಚಿಸಿ. ಪ್ರತಿಯೊಬ್ಬರೂ ಆ ಗಂಟನ್ನು ಹಿಡಿದಿರುವ ಬೆಣೆ ಕೀಳುವಾಗ ಚೂರು ಚೂರು ಮರವನ್ನು ಕೆತ್ತಿದರೆ ಕುಳಿಯ ಗೋಡೆ ಕಾಗದದಷ್ಟು ತೆಳ್ಳಗಾಗುತ್ತದೆ. ನನ್ನ ಮೇಜಿಗೆ ಬರುವ ಹಳೆಯ ಕಮಾನುಗಳಲ್ಲಿ ಕಾಣುವ ಗಾಯಗಳಲ್ಲಿ ಬಹಳಷ್ಟು ನುಡಿಸಿದವರಿಂದ ಆದವಲ್ಲ, ದುರಸ್ತಿ ಮಾಡಿದವರಿಂದ ಆದವು.

ಕೆಲಸ ಹೀಗೆ ನಡೆಯುತ್ತದೆ. ಹಳೆಯ ಕೂದಲನ್ನು ಕತ್ತರಿಸಿ, ಫ್ರಾಗಿನ ಲೋಹದ ಬಳೆಯೊಳಗಿನ ತೆಳು ಬೆಣೆಯನ್ನು ತೆಗೆದು, ಬಳೆಯನ್ನು ಜಾರಿಸಿ, ಮುತ್ತಿನ ಚಿಪ್ಪಿನ ಜಾರುಪಟ್ಟಿಯನ್ನು ಹೊರಗೆಳೆದರೆ ಫ್ರಾಗಿನ ಕುಳಿ ಕಾಣುತ್ತದೆ. ಅದರಲ್ಲಿ ಒಂದು ಬೆಣೆ, ತಲೆಯ ಕುಳಿಯಲ್ಲಿ ಇನ್ನೊಂದು. ಈ ಎರಡು ಬೆಣೆಗಳಿಗೂ ಅಂಟು ಹಾಕಬಾರದು. ಕುಳಿಯ ಮುಂದಿನ ಮತ್ತು ಹಿಂದಿನ ಗೋಡೆಗಳನ್ನು ಒಳಮುಖವಾಗಿ ಓರೆ ಮಾಡಿರುತ್ತಾರೆ. ಬೆಣೆಯನ್ನು ಆ ಓರೆಗೆ ಸರಿಯಾಗಿ ಕತ್ತರಿಸಿದರೆ, ಅದರ ಮೇಲೆ ಮಡಚಿಕೊಂಡು ಬರುವ ಕೂದಲಿನ ಎಳೆತವೇ ಅದನ್ನು ಹಿಡಿದು ಕೂರಿಸುತ್ತದೆ. ಬೆಣೆ ಮುಂದೆ ಹಿಂದೆ ಬಿಗಿಯಾಗಿರಬೇಕು, ಎರಡು ಮಗ್ಗುಲುಗಳಿಗೆ ಮಾತ್ರ ಒತ್ತಬಾರದು. ತಲೆಯ ಕೆನ್ನೆಗಳ, ಅಂದರೆ ಕುಳಿಯ ಎರಡು ಮಗ್ಗುಲುಗಳ, ಮರ ಬಹಳ ತೆಳು. ಅಗಲ ಹೆಚ್ಚಾದ ಬೆಣೆಯನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿದವರು ಆ ಕೆನ್ನೆಯನ್ನು ಸೀಳಿ ಕಳುಹಿಸುತ್ತಾರೆ, ಬಿರುಕು ಕಾಣಿಸಿಕೊಳ್ಳುವುದು ಮುಂದಿನ ಬೇಸಿಗೆಯಲ್ಲಿ. ಬೆಣೆಗೆ ಮೆತ್ತನೆಯ, ಎಳೆ ನೇರವಾದ ಮರ ಬೇಕು. ಎಬೊನಿ, ಬೀಟೆಯಂಥ ಗಟ್ಟಿ ಮರದ ಬೆಣೆಯನ್ನು ಹಾಕುವುದು ತಪ್ಪು, ಏಕೆಂದರೆ ಒತ್ತಡ ಬಂದಾಗ ಸೋಲಬೇಕಾದದ್ದು ಬೆಣೆಯೇ ಹೊರತು ಕಮಾನಿನ ತಲೆಯಲ್ಲ.

ಕೂದಲಿನ ವಿಷಯ. ಒಂದು ಪಿಟೀಲು ಕಮಾನಿಗೆ ಸಾಮಾನ್ಯವಾಗಿ 150ರಿಂದ 200 ಕೂದಲೆಳೆಗಳು ಹಿಡಿಯುತ್ತವೆ. ಮಂಗೋಲಿಯಾ, ಸೈಬೀರಿಯಾಗಳಂಥ ಶೀತ ಪ್ರದೇಶದ ಗಂಡು ಕುದುರೆಗಳ ಬಿಳಿ ಕೂದಲಿಗೆ ಹೆಚ್ಚು ಬೆಲೆ. ಕಂತೆಯಿಂದ ಒಂದೊಂದಾಗಿ ನೋಡಿ ಸೊಟ್ಟದ್ದು, ಗಂಟಿರುವುದು, ತುದಿಗೆ ಬಹಳ ತೆಳ್ಳಗಾದದ್ದು ಎಲ್ಲವನ್ನೂ ತೆಗೆದುಹಾಕಬೇಕು. ಒಂದು ತುದಿಯನ್ನು ದಾರದಿಂದ ಬಿಗಿದು ಕಟ್ಟಿ, ಕಟ್ಟಿನಾಚೆಗೆ ಉಳಿದ ಮೋಟು ಕೂದಲಿಗೆ ರೋಸಿನ್ ಪುಡಿ ಒತ್ತಿ, ದೀಪದ ಜ್ವಾಲೆಗೆ ಕ್ಷಣಮಾತ್ರ ತೋರಿಸಿದರೆ ಕೂದಲ ತುದಿಗಳು ಸುಟ್ಟು ಉಬ್ಬಿ, ಕರಗಿದ ರೋಸಿನ್ನಿನೊಂದಿಗೆ ಒಂದು ಗಟ್ಟಿ ಗುಬುಟಾಗುತ್ತವೆ. ಗಂಟು ಜಾರದಿರುವುದು ಇದರಿಂದಲೇ. ಜ್ವಾಲೆ ಒಂದಿಷ್ಟು ಹೆಚ್ಚಾಗಿ ದಾರಕ್ಕೆ ತಗುಲಿದರೆ ಕಟ್ಟು ಸಡಿಲವಾಗುತ್ತದೆ, ಮತ್ತೆ ಮೊದಲಿನಿಂದ ಕಟ್ಟಬೇಕು. ಆಮೇಲೆ ತಲೆಯಲ್ಲಿ ಗಂಟು ಇಳಿಸಿ ಬೆಣೆ ಕೂರಿಸಿ, ಕೂದಲನ್ನು ಒದ್ದೆ ಮಾಡಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚುತ್ತಾ ಬಾಚುತ್ತಾ ಒಂದರ ಮೇಲೊಂದು ಹಾಯದಂತೆ ಪಟ್ಟಿಯಾಗಿ ಹರಡಿ ಫ್ರಾಗಿನ ಕಡೆಗೆ ತರಬೇಕು.

ಉದ್ದವನ್ನು ನಿರ್ಧರಿಸುವಾಗ ಕಮಾನು ಹೆಚ್ಚಾಗಿ ಎಲ್ಲಿ ಇರುತ್ತದೆಂದು ಕೇಳಿಯೇ ಕಟ್ಟುತ್ತೇನೆ. ಒದ್ದೆಯಾದ ಕೂದಲು ಆಗಲೇ ಉದ್ದವಾಗಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯದವರು ಒಣಗಿದ ಮೇಲೆ ಗಿಡ್ಡವಾಗುವ ಕೂದಲು ಕಟ್ಟುತ್ತಾರೆ. ನನ್ನ ಅಳತೆಯೆಂದರೆ, ಪೂರ್ತಿ ಒಣಗಿದ ಮೇಲೆ ಫ್ರಾಗ್ ಮುಂದಿನ ಕೊನೆಯಲ್ಲಿದ್ದಾಗ ಕೂದಲು ಸಡಿಲವಾಗಿ ತೂಗಬೇಕು, ತಿರುಪಿನ ಕೆಲವೇ ಸುತ್ತುಗಳಲ್ಲಿ ನುಡಿಸುವ ಬಿಗಿ ಬರಬೇಕು. ಮಳೆಗಾಲದಲ್ಲಿ ಕರಾವಳಿಯ ಕಮಾನು ಬಂದರೆ ಒಣಹವೆಯ ಊರಿಗೆ ಕೊಂಡೊಯ್ಯುವಿರಾ ಎಂದು ಕೇಳಿ, ಹೌದೆಂದರೆ ಕೂದಲನ್ನು ತುಸು ಉದ್ದ ಬಿಡುತ್ತೇನೆ. ಉದ್ದವಾದ ಕೂದಲು ಕಿರಿಕಿರಿ ಕೊಟ್ಟೀತು, ಗಿಡ್ಡ ಕೂದಲು ಕಮಾನನ್ನೇ ಮುರಿದೀತು.

ಒಂದೇ ಪಕ್ಕದ ಕೂದಲು ಉದುರಿದ್ದರೂ ಬಿಗಿಮಾಡಿ ನುಡಿಸುತ್ತಾ ಹೋದರೆ ಎಳೆತ ಒಂದು ಪಕ್ಕಕ್ಕೇ ಬಿದ್ದು ಕಡ್ಡಿ ಕ್ರಮೇಣ ಸೊಟ್ಟಗಾಗುತ್ತದೆ. ಮೈಸೂರಿನ ಮೇಡಂ ಇದನ್ನು ಗಮನಿಸಬೇಕು.

ಸಾಗರದ ಮರಗೆಲಸಗಾರ

ನಾನು ಕೆತ್ತನೆ ಕೆಲಸದವನು, ವಾದ್ಯಗಳ ಪರಿಚಯ ಕಡಿಮೆ. ಆದರೂ ಮರದ ಬಗ್ಗೆ ಕೇಳುವ ಹಕ್ಕು ಇದೆಯೆಂದು ಭಾವಿಸಿ ಕೇಳುತ್ತಿದ್ದೇನೆ. ತಲೆಯಲ್ಲಿ ನಿಜವಾಗಿಯೂ ಬಿರುಕಿದ್ದರೆ ಇಂದು ಸಿಗುವ ಎಪಾಕ್ಸಿ ಅಂಟು ಮರಕ್ಕಿಂತ ಗಟ್ಟಿ. ಅದನ್ನು ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಅರಗಿನ ಪಾಲಿಷ್ ಕೊಟ್ಟರೆ ಗೊತ್ತೇ ಆಗದಂತೆ ಮುಗಿಯುವುದಿಲ್ಲವೇ? ಚರ್ಮ ಬೇಯಿಸಿ ಮಾಡುವ ಸರೇಸನ್ನೇ ಬಳಸಬೇಕೆಂದು ವಾದ್ಯದವರು ಹಟ ಹಿಡಿಯುವುದನ್ನು ಕೇಳಿದ್ದೇನೆ. ಕಾರಣವೇನು?

ಕಮಾನು ದುರಸ್ತಿಗಾರ, ಬೆಂಗಳೂರು

ಪ್ರಶ್ನೆ ಸರಿಯಾಗಿದೆ. ಪಿಟೀಲಿನ ಪೆಟ್ಟಿಗೆಗೆ ಸರೇಸು ಬೇಕು, ಏಕೆಂದರೆ ಅದನ್ನು ಮುಂದೊಂದು ದಿನ ಬಿಚ್ಚಬೇಕಾಗುತ್ತದೆ, ಸರೇಸು ನೀರು ಮತ್ತು ಬಿಸಿಗೆ ಬಿಟ್ಟುಕೊಡುತ್ತದೆ. ಕಮಾನಿನ ತುದಿಪಟ್ಟಿಯನ್ನು ಅಂಟಿಸಲೂ ಅದು ಸಾಕು. ಆದರೆ ಮುರಿದ ತಲೆಗೆ ಸರೇಸೊಂದೇ ಸಾಲದು. ಅಲ್ಲಿ ನಾವೂ ಸಯನೋಅಕ್ರಿಲೇಟ್ (ಸೂಪರ್ ಗ್ಲೂ) ಅಥವಾ ಎಪಾಕ್ಸಿಯನ್ನೇ ಬಳಸುತ್ತೇವೆ, ಜೊತೆಗೆ ಇನ್ನೊಂದು ಬಲವನ್ನೂ ಕೊಡಬೇಕಾಗುತ್ತದೆ.

ಎಳೆಯ ದಿಕ್ಕನ್ನು ನೆನೆದರೆ ಕಾರಣ ನಿಮಗೆ ಕೂಡಲೇ ಹೊಳೆಯುತ್ತದೆ. ಕಡ್ಡಿಯ ಎಳೆ ಉದ್ದಕ್ಕೂ ನೇರವಾಗಿ ಹೋಗುತ್ತದೆ. ತಲೆಯನ್ನು ಅದೇ ಮರದಲ್ಲಿ ಕೆಳಮುಖವಾಗಿ ಕೆತ್ತಿರುವುದರಿಂದ, ತಲೆಯ ಕತ್ತಿನಲ್ಲಿ ಎಳೆ ಅಡ್ಡವಾಗಿ, ಬೆರಳಗಲಕ್ಕಿಂತಲೂ ಗಿಡ್ಡವಾಗಿ ಇರುತ್ತದೆ. ಕೂದಲಿನ ಎಳೆತವೆಲ್ಲ ಬೀಳುವುದು ಆ ಗಿಡ್ಡ ಎಳೆಯ ಮೇಲೆ. ಅಂಟು ಎಷ್ಟೇ ಗಟ್ಟಿಯಾಗಿದ್ದರೂ ಹತ್ತಿರದ ಮರವೇ ಮತ್ತೆ ಬಿಡುತ್ತದೆ. ಆದ್ದರಿಂದ ಮುರಿದ ಮುಖಗಳನ್ನು ಉಜ್ಜದೆ, ಒಂದು ನಾರೂ ಕಳೆಯದಂತೆ ಕೂಡಿಸಿ ಅಂಟಿಸಿದ ಮೇಲೆ, ತಲೆಯ ನಡುವೆ ಸಣ್ಣ ಗರಗಸದಿಂದ ಒಂದು ಸೀಳು ತೆಗೆದು, ಬಿರುಕನ್ನು ಅಡ್ಡಹಾಯುವ ಎಳೆಯುಳ್ಳ ತೆಳು ಪಟ್ಟಿಯನ್ನು ಅದರಲ್ಲಿ ಕೂರಿಸಿ ಮೇಲ್ಮೈಗೆ ಸಮನಾಗಿ ಕೆತ್ತುತ್ತಾರೆ. ಪಟ್ಟಿ ಅದೇ ಜಾತಿಯ ಮರದ್ದಾಗಿರಬಹುದು, ಒಳಗೆ ಕಾರ್ಬನ್ ಫೈಬರ್ ಇಡುವವರೂ ಇದ್ದಾರೆ. ಚೆನ್ನಾಗಿ ಮಾಡಿದ ಈ ಜೋಡಣೆ ದಶಕಗಳ ಕಾಲ ನುಡಿಸಲು ತಡೆಯುತ್ತದೆ. ಆದರೆ ದೊಡ್ಡ ತಯಾರಕರ ಕಮಾನಾದರೆ ತಲೆ ಮುರಿದ ಕ್ಷಣವೇ ಅದರ ಮಾರಾಟದ ಬೆಲೆಯ ಬಹುಭಾಗ ಹೋಯಿತು. ದುರಸ್ತಿ ಎಷ್ಟು ನಯವಾಗಿದ್ದರೂ ಅದು ಮರಳುವುದಿಲ್ಲ.

ಈಗ ಉಪ್ಪುಕಾಗದದ ವಿಷಯ. ಇದೊಂದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಹಳೆಯ ಕಮಾನನ್ನು ಉಪ್ಪುಕಾಗದದಿಂದ ಉಜ್ಜಲೇಬಾರದು. ಪಿಟೀಲು ಕಮಾನಿನ ಒಟ್ಟು ತೂಕವೇ ಸುಮಾರು 60 ಗ್ರಾಂ. ಕಡ್ಡಿ ತಲೆಯ ಕಡೆಗೆ ಸಾಗಿದಂತೆ ತೆಳುವಾಗುತ್ತಾ ಹೋಗುವ ಕ್ರಮವನ್ನು ತಯಾರಕ ಆ ಮರದ ಗಡಸುತನವನ್ನು ಕೈಯಲ್ಲಿ ಬಾಗಿಸಿ ನೋಡಿ ನಿರ್ಧರಿಸಿರುತ್ತಾನೆ. ಮಿಲಿಮೀಟರಿನ ಹತ್ತರಲ್ಲೊಂದು ಭಾಗ ಮರ ಹೋದರೂ ಬಿಗುಪು ಬದಲಾಗುತ್ತದೆ. ಎಂಟು ಮುಖಗಳ ಅಂಚು ದುಂಡಾಗುತ್ತದೆ, ಮುದ್ರೆ ಮಾಸುತ್ತದೆ, ತಲೆಯ ಅಂಚಿನಲ್ಲಿ ತಯಾರಕನ ಅರದ ಗುರುತು ಅಳಿಸುತ್ತದೆ. ಯಾರು ಮಾಡಿದ ಕಮಾನೆಂದು ಹೇಳುವವರು ಓದುವುದು ಈ ಗುರುತುಗಳನ್ನೇ. ಕೊಳೆ ತೆಗೆಯಲು ಸ್ವಲ್ಪ ತೇವ ಮಾಡಿದ ಮೆತ್ತನೆ ಬಟ್ಟೆ ಸಾಕು. ಸ್ಪಿರಿಟ್ ಹಚ್ಚಿದರೆ ಅರಗಿನ ಮೆರುಗೇ ಕರಗಿ ಬರುತ್ತದೆ.

ಜರ್ಮನಿಯಿಂದ ಒಬ್ಬ ಕನ್ನಡಿಗ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಮರ ಮತ್ತು ತುದಿಪಟ್ಟಿಯ ಬಗ್ಗೆ ಇಲ್ಲಿ ಕಾನೂನಿನ ಒಂದು ಮಗ್ಗುಲು ಇದೆ, ಅದನ್ನು ತಿಳಿಸುವುದು ಅಗತ್ಯವೆನ್ನಿಸಿತು.

ಒಳ್ಳೆಯ ಕಮಾನುಗಳ ಕಡ್ಡಿ ಬ್ರೆಜಿಲಿನ ಅಟ್ಲಾಂಟಿಕ್ ಕರಾವಳಿಯ ಕಾಡುಗಳಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಪರ್ನಾಂಬುಕೊ ಮರದ್ದು. ಯುರೋಪಿಗೆ ಅದು ಮೊದಲು ಬಂದದ್ದು ಬಟ್ಟೆಗೆ ಕೆಂಪು ಬಣ್ಣ ಕೊಡಲು, ಸಂಗೀತಕ್ಕಾಗಿ ಅಲ್ಲ. ಅದರ ಪುಡಿ ನೀರಿಗೆ ಬಿದ್ದರೆ ನೀರು ಕಿತ್ತಳೆಗೆಂಪಾಗುತ್ತದೆ, ಕೆಲಸ ಮಾಡುವವರ ಬೆರಳಿಗೂ ಆ ಬಣ್ಣ ಹತ್ತುತ್ತದೆ. ನಮ್ಮಲ್ಲಿ ಪತಂಗವೆಂದು ಕರೆಯುವ ಬಣ್ಣದ ಮರ ಇದರ ಹತ್ತಿರದ ನೆಂಟ. ಶತಮಾನಗಳ ಕಡಿತ ಮತ್ತು ಕಾಡಿನ ನಾಶದಿಂದ ಪರ್ನಾಂಬುಕೊ ಅಳಿವಿನಂಚಿಗೆ ಬಂದದ್ದರಿಂದ, 2007ರಲ್ಲಿ ಅದನ್ನು, ಅಪಾಯದಲ್ಲಿರುವ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಿದರು. ಆಗ ನಿರ್ಬಂಧವಿದ್ದದ್ದು ದಿಮ್ಮಿ, ಹಲಗೆ ಮತ್ತು ಅರ್ಧ ಕೆತ್ತಿದ ಕಡ್ಡಿಗಳಿಗೆ. 2022ರ ಪನಾಮ ಸಭೆಯ ನಂತರ ಬ್ರೆಜಿಲಿನಿಂದ ಹೊರಹೋಗುವ ಸಿದ್ಧ ಕಮಾನುಗಳೂ ಅದರೊಳಗೆ ಬಂದವು. ಹೊಸ ಮರ ಸಿಗುವುದು ಇಷ್ಟು ಕಷ್ಟವಾಗಿರುವಾಗ, ಈಗಾಗಲೇ ಕಮಾನಾಗಿರುವ ಒಂದು ಕಡ್ಡಿಯನ್ನು ಎಸೆಯಿರಿ ಎಂದು ಅಂಗಡಿಯವರು ಹೇಳಿದ್ದು ನನಗೆ ನೋವುಂಟುಮಾಡಿತು. ಮೇಡಂ ಅವರ ಕಮಾನು ಪರ್ನಾಂಬುಕೊ ಅಲ್ಲದೆ ಬೇರೆ ಅಗ್ಗದ ಮರದ್ದೂ ಆಗಿರಬಹುದು, ನೋಡದೆ ಹೇಳಲಾಗದು. ಆದರೂ ಈ ಮಾತು ನಿಲ್ಲುತ್ತದೆ.

ತುದಿಪಟ್ಟಿ ಹಳೆಯ ಕಮಾನುಗಳಲ್ಲಿ ಆನೆಯ ದಂತದ್ದಾಗಿರುವ ಸಂಭವ ಹೆಚ್ಚು. ಅಂಥ ಕಮಾನನ್ನು ದೇಶದಿಂದ ದೇಶಕ್ಕೆ ಒಯ್ಯುವಾಗ ದಾಖಲೆ ಬೇಕಾಗುತ್ತದೆ. ವಾದ್ಯಗಳಿಗೆಂದೇ ಪ್ರಮಾಣಪತ್ರದ ವ್ಯವಸ್ಥೆ ಸೈಟಿಸ್‌ನಲ್ಲಿ 2013ರಿಂದ ಇದೆ. ಭಾರತದಲ್ಲಿ ದಂತದ ವ್ಯಾಪಾರ ವನ್ಯಜೀವಿ ಕಾಯಿದೆಯಡಿ ನಿಷಿದ್ಧ. ಆದ್ದರಿಂದ ಮುರಿದ ಮೂಲೆಗೆ ದಂತವನ್ನೇ ಹುಡುಕುವ ಯೋಚನೆ ಯಾರಿಗೂ ಬೇಡ. ಎಮ್ಮೆಯ ಅಥವಾ ದನದ ಮೂಳೆ ಇದಕ್ಕೆ ಚೆನ್ನಾಗಿ ಒದಗುತ್ತದೆ. ಹೆಬ್ಬೆರಳಿನ ಹಿಡಿಗೆ ಹಿಂದೆ ಉಡದ ಚರ್ಮ ಸುತ್ತುತ್ತಿದ್ದರು. ಉಡವೂ ನಮ್ಮಲ್ಲಿ ಸಂರಕ್ಷಿತ ಪ್ರಾಣಿ, ಆಡಿನ ಚರ್ಮವನ್ನೇ ಬಳಸಬೇಕು.

ಕಛೇರಿ ಪಿಟೀಲು, ಬೆಂಗಳೂರು

ದುರಸ್ತಿಗಾರರ ಜ್ಞಾನಕ್ಕೆ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಕಮಾನು ವಸ್ತುಸಂಗ್ರಹಾಲಯದ ಸರಕಲ್ಲ, ನುಡಿಸುವ ಸಾಧನ. ನಮ್ಮ ಕರ್ನಾಟಕ ಸಂಗೀತದಲ್ಲಿ ಕೆಳಗೆ ಕುಳಿತು, ಮೂರು ಗಂಟೆಯ ಕಛೇರಿಯಲ್ಲಿ ಹಾಡುವವರ ಉಸಿರನ್ನು ಹಿಂಬಾಲಿಸಬೇಕು. ಜಾರುಗಳಿಗಾಗಿ ಎಡಗೈ ಬೆರಳಿಗೆ ಎಣ್ಣೆ ಸವರಿಕೊಳ್ಳುವವರಿದ್ದಾರೆ, ಅದು ತಂತಿಯ ಮೂಲಕ ಕೂದಲಿಗೂ ಹೋಗುತ್ತದೆ. ನಮ್ಮ ಕಮಾನುಗಳ ಮೇಲೆ ಬೀಳುವ ಭಾರವೇ ಬೇರೆ. ನನ್ನದೊಂದು ಹಳೆಯ ಕಮಾನಿನಲ್ಲಿ ಹೆಬ್ಬೆರಳು ಕೂರುವ ಜಾಗ ಉಗುರಿಗೆ ಸವೆದು ಹಳ್ಳ ಬಿದ್ದಿತ್ತು. ಅದನ್ನು ತುಂಬಿಸಿ, ತಂತಿಯ ಸುತ್ತನ್ನು ಬದಲಾಯಿಸಿ, ಫ್ರಾಗಿನ ಚೂಪು ಮೂಲೆಯನ್ನು ಬೆರಳಿಗೆ ತಾಗದಂತೆ ದುಂಡಗೆ ಮಾಡಿಸಿದ ಮೇಲೆಯೇ ನನಗೆ ಅದು ಒದಗಿದ್ದು. ಮೂಲದ್ದನ್ನು ಮುಟ್ಟಬೇಡಿ ಎಂಬ ನಿಯಮವನ್ನು ಅಕ್ಷರಶಃ ಹಿಡಿದರೆ ಇಂಥ ಕಮಾನು ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಪೆಟ್ಟಿಗೆಯಲ್ಲಿ ಉಳಿದರೆ ಹುಳುಗಳು ಕೂದಲು ತಿನ್ನುತ್ತವೆ.

ಕಮಾನು ದುರಸ್ತಿಗಾರ, ಬೆಂಗಳೂರು

ಸರ್, ನುಡಿಸಲಾಗದ ಕಮಾನು ನನಗೂ ಬೇಡ. ನಾವಿಬ್ಬರೂ ಒಪ್ಪದಿರುವುದು ಒಂದೇ ಕಡೆ. ಸವೆದ ಹಳ್ಳವನ್ನು ತುಂಬಿಸಿದ್ದು ಸರಿ, ಅಲ್ಲಿ ಇದ್ದ ಮರ ಆಗಲೇ ಹೋಗಿತ್ತು, ನೀವು ಸೇರಿಸಿದಿರಿ. ತಂತಿಯ ಸುತ್ತು ಬದಲಾಯಿಸಿದ್ದೂ ಸರಿ, ಬೇಕಾದವರು ಮುಂದೆ ಬಿಚ್ಚಿ ಬೇರೆ ಸುತ್ತಬಹುದು. ಫ್ರಾಗಿನ ಮೂಲೆಯನ್ನು ಅರದಿಂದ ದುಂಡಗೆ ಮಾಡಿಸಿದ್ದನ್ನು ಮಾತ್ರ ಒಪ್ಪಲಾರೆ, ಏಕೆಂದರೆ ಹೋದ ಎಬೊನಿ ಮರಳುವುದಿಲ್ಲ. ಆ ಕಮಾನಿಗೆ ಹೊಂದುವ ಇನ್ನೊಂದು ಫ್ರಾಗನ್ನು ಮಾಡಿಸಿ ದಿನದ ಬಳಕೆಗೆ ಅದನ್ನಿಟ್ಟು, ಮೂಲದ್ದನ್ನು ಹಾಗೆಯೇ ಕಾಪಾಡಿಕೊಳ್ಳುವ ಪದ್ಧತಿ ಬಹಳ ಹಿಂದಿನಿಂದ ಇದೆ. ಖರ್ಚು ಹೆಚ್ಚು ನಿಜ, ಆದರೆ ಬೆರಳಿಗೂ ಸುಖ, ಕಮಾನಿಗೂ ಹಾನಿಯಿಲ್ಲ. ಮೂಲೆ ಚುಚ್ಚುತ್ತಿದೆ ಎಂಬುದಷ್ಟೇ ತೊಂದರೆಯಾದರೆ ಹಿಡಿಯ ಚರ್ಮವನ್ನು ಒಂದಿಷ್ಟು ದಪ್ಪಗೆ, ಫ್ರಾಗಿಗೆ ತಾಗುವಂತೆ ಸುತ್ತಿದರೂ ಸಾಕಾಗುತ್ತದೆ.

ತಂತಿಯ ಸುತ್ತಿನ ಬಗ್ಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಬೆಳ್ಳಿ ತಂತಿ ಭಾರವಾದದ್ದು, ರೇಷ್ಮೆ ಜರಿಯ ಸುತ್ತು ಹಗುರ. ಒಂದರ ಬದಲು ಇನ್ನೊಂದನ್ನು ಹಾಕಿದರೆ ಕೆಲವು ಗ್ರಾಂ ವ್ಯತ್ಯಾಸವಾಗಿ ಕಮಾನು ತೂಗುವ ಬಿಂದು ಜರುಗುತ್ತದೆ, ತಲೆ ಭಾರವೆಂದೋ ಹಗುರವೆಂದೋ ಕೈಗೆ ಅನ್ನಿಸತೊಡಗುತ್ತದೆ. ಆದ್ದರಿಂದ ಹಳೆಯ ಸುತ್ತನ್ನು ಬಿಚ್ಚುವ ಮೊದಲು ಕಮಾನಿನ ತೂಕವನ್ನೂ ಬೆರಳ ಮೇಲೆ ತೂಗಿ ನಿಲ್ಲುವ ಜಾಗವನ್ನೂ ಬರೆದಿಟ್ಟುಕೊಳ್ಳಬೇಕು.

ಮೈಸೂರಿನ ವಿದ್ಯಾರ್ಥಿನಿ

ಎಲ್ಲರಿಗೂ ಕೃತಜ್ಞತೆಗಳು. ಹೇಳಿದಂತೆ ಟಾರ್ಚಿನ ಬೆಳಕಿನಲ್ಲಿ ನೋಡಿದೆ. ಗೆರೆ ಕಪ್ಪಗಿದೆ, ತುದಿಪಟ್ಟಿ ಮುರಿದ ಕಡೆಯಿಂದಲೇ ಹೊರಟು ಕೆನ್ನೆಯ ಅರ್ಧಕ್ಕೆ ನಿಂತಿದೆ, ಇನ್ನೊಂದು ಮಗ್ಗುಲಿಗೆ ಹೋಗಿಲ್ಲ. ಕಡ್ಡಿಯನ್ನು ಹಿಂದಿನಿಂದ ಕಣ್ಣಳತೆಯಲ್ಲಿ ನೋಡಿದರೆ ನಡುಭಾಗ ಎಡಕ್ಕೆ ಸ್ವಲ್ಪ ಸೊಟ್ಟಗಿರುವುದೂ ಈಗ ಕಾಣುತ್ತಿದೆ. ಇದನ್ನು ನೇರ ಮಾಡಲು ಸಾಧ್ಯವೇ?

ಕಮಾನು ದುರಸ್ತಿಗಾರ, ಬೆಂಗಳೂರು

ನೀವು ವಿವರಿಸಿದ್ದು ತಲೆ ಮುರಿತವಲ್ಲ, ಕೆನ್ನೆಯ ಸೀಳು. ದಪ್ಪ ಬೆಣೆಯಿಂದ ಆಗುವಂಥದೇ. ತುದಿಪಟ್ಟಿಯ ಕೆಲಸ ಅಂದವಷ್ಟೇ ಅಲ್ಲ. ಅದು ಎರಡು ಕೆನ್ನೆಗಳನ್ನೂ ತಳದಲ್ಲಿ ಬಿಗಿದು ಹಿಡಿದಿರುತ್ತದೆ, ಅದು ಮುರಿದ ಮೇಲೆ ಸೀಳು ಬೆಳೆಯುತ್ತದೆ. ಇದಕ್ಕೆ ಪಟ್ಟಿ ಕೂರಿಸುವ ದೊಡ್ಡ ಚಿಕಿತ್ಸೆ ಬೇಕಾಗಲಾರದು. ಹಳೆಯ ಬೆಣೆಯನ್ನು ಸನ್ನೆಹಾಕಿ ಕೀಳದೆ, ನಡುವೆ ಸಣ್ಣ ಡ್ರಿಲ್ಲಿನಿಂದ ತೂತು ಮಾಡಿ ಚೂರುಚೂರಾಗಿ ತೆಗೆದು, ಒತ್ತಡ ಹೋದ ಮೇಲೆ ಸೀಳು ತಾನಾಗಿ ಮುಚ್ಚಿಕೊಂಡರೆ ತೆಳು ಅಂಟನ್ನು ಹರಿಸಿ ಮೆತ್ತಗೆ ಹಿಡಿಕೆ (ಕ್ಲ್ಯಾಂಪ್) ಹಾಕಬೇಕು. ಆಮೇಲೆ ಮೂಳೆಯ ಹೊಸ ತುದಿಪಟ್ಟಿ. ಮೂಳೆ ಬಾಗುವುದಿಲ್ಲ, ಆದ್ದರಿಂದ ಅದನ್ನು ತಲೆಯ ತಳದ ವಕ್ರಕ್ಕೆ ಬೆಳಕು ಹಾಯದಂತೆ ಕೂರುವವರೆಗೂ ಕೆತ್ತಿ ಹೊಂದಿಸಬೇಕು. ಹೊಂದದ ಪಟ್ಟಿಯನ್ನು ಹಿಡಿಕೆಯ ಬಲದಿಂದ ಒತ್ತಿ ಅಂಟಿಸಿದರೆ ಅದು ನೇರವಾಗಲು ಯತ್ನಿಸುತ್ತಾ ತಲೆಯನ್ನು ಸದಾ ಎಳೆಯುತ್ತಿರುತ್ತದೆ.

ಸೊಟ್ಟ ಕಡ್ಡಿಯನ್ನು ನೇರ ಮಾಡಬಹುದು. ಕಡ್ಡಿಯ ಬಾಗನ್ನು ಕೆತ್ತಿ ಮಾಡಿರುವುದಿಲ್ಲ, ನೇರ ಕಡ್ಡಿಯನ್ನು ಬಿಸಿಗೆ ಹಿಡಿದು ಬಾಗಿಸಿರುತ್ತಾರೆ, ಅದೇ ಬಿಸಿಯಿಂದ ತಿದ್ದಲೂ ಬಹುದು. ಕೂದಲು, ಫ್ರಾಗ್ ಎರಡನ್ನೂ ತೆಗೆದು, ಸ್ಪಿರಿಟ್ ದೀಪದ ಮೇಲೆ ಕಡ್ಡಿಯನ್ನು ನಿಲ್ಲಿಸದೆ ತಿರುಗಿಸುತ್ತಾ ಆಡಿಸಬೇಕು. ಹೊರಮೈ ಬಿಸಿಯಾದರೆ ಸಾಲದು, ಒಳಗಿನ ತಿರುಳಿಗೂ ಬಿಸಿ ಇಳಿಯಬೇಕು. ಹೊರಮೈ ಮಾತ್ರ ಕಾದಾಗ ಬಾಗಿಸಿದ ಕಡ್ಡಿ ಕೆಲವೇ ವಾರಗಳಲ್ಲಿ ಹಳೆಯ ಸೊಟ್ಟಕ್ಕೆ ಮರಳುತ್ತದೆ, ಅವಸರಪಟ್ಟರೆ ಮೆರುಗು ಗುಳ್ಳೆಯೇಳುತ್ತದೆ ಇಲ್ಲವೇ ಮರ ಸುಡುತ್ತದೆ. ಸರಿಯಾಗಿ ಕಾದಾಗ ಮರ ಕೈಗೆ ಬಿಟ್ಟುಕೊಡುವುದು ಗೊತ್ತಾಗುತ್ತದೆ. ಆ ಸ್ಥಿತಿಯಲ್ಲಿ ಬೇಕಾದಷ್ಟೇ ತಿರುವಿ, ಪೂರ್ತಿ ಆರುವವರೆಗೂ ಕೈಯಲ್ಲೇ ಹಿಡಿದಿರಬೇಕು. ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ.

ನಿಮ್ಮ ಕಮಾನಿನ ಮಟ್ಟಿಗೆ ಮೊದಲು ತಲೆಯ ಸೀಳು ಮತ್ತು ತುದಿಪಟ್ಟಿ, ಅವು ಗಟ್ಟಿಯಾದ ಮೇಲೆ ಐಲೆಟ್, ಆಮೇಲೆ ಕಡ್ಡಿಯ ಸೊಟ್ಟ, ಎಲ್ಲದರ ಕೊನೆಗೆ ಕೂದಲು. ಸೊಟ್ಟ ತಿದ್ದುವ ಮೊದಲೇ ಕೂದಲು ಹಾಕಿಸಿದರೆ ಆ ಹಣ ವ್ಯರ್ಥ. ಯಾರ ಬಳಿ ಒಯ್ದರೂ ಕೆಲಸಕ್ಕೆ ಮುಂಚೆ ತಲೆಯ ಎರಡೂ ಮಗ್ಗುಲು, ಮುದ್ರೆ ಮತ್ತು ಫ್ರಾಗಿನ ಫೋಟೊ ತೆಗೆದುಕೊಳ್ಳಿ. ಕಡ್ಡಿಯನ್ನು ಉಜ್ಜಕೂಡದು, ಬೆಣೆಗೆ ಅಂಟು ಹಾಕಕೂಡದು, ತೆಗೆದ ಭಾಗಗಳನ್ನೆಲ್ಲ ಹಿಂದಿರುಗಿಸಬೇಕು ಎಂದು ಮೊದಲೇ ಹೇಳಿ. ಇಷ್ಟಕ್ಕೆ ಬೇಸರಪಟ್ಟುಕೊಳ್ಳುವವರ ಕೈಗೆ ಕಮಾನನ್ನು ಕೊಡಬೇಡಿ. ಬೆಂಗಳೂರಿಗೆ ತರುವುದಾದರೆ ಫ್ರಾಗನ್ನು ಮುಂದಿನ ಕೊನೆಗೆ ಸರಿಸಿ, ಕೂದಲಿಗೆ ಬಿಗಿಯಿಲ್ಲದಂತೆ ಗಟ್ಟಿಯಾದ ಪಿವಿಸಿ ಕೊಳವೆಯೊಳಗೆ ಬಟ್ಟೆ ಸುತ್ತಿ ತನ್ನಿ. ಮುರಿದ ತುದಿಪಟ್ಟಿಯ ಚೂರು ಸಿಕ್ಕರೆ ಅದನ್ನೂ ಬೇರೆ ಲಕೋಟೆಯಲ್ಲಿ ಹಾಕಿ ತರಬೇಕು. ಹೊಸದನ್ನು ಎಷ್ಟು ದಪ್ಪಕ್ಕೆ, ಯಾವ ಓರೆಗೆ ಕೆತ್ತಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ಬೇರೆ ಸಿಗುವುದಿಲ್ಲ.